ವಲೆನ್ಸಾ ಕೋಟೆಯಲ್ಲಿ ಮಾಮಾ ಮಾಡಿದ ವ್ಯಾಪಾರ

ಫೋನು ಹೇಳುವ ಕ್ರಮ

ಆ ದಿನದ ಅರವತ್ತು ಚಿಲ್ಲರೆ ಫೋಟೊಗಳು ನನ್ನ ಫೋನಿನಲ್ಲಿವೆ. ಅವನ್ನು ನಂಬಿದರೆ ಮಾಮಾ ಮೊದಲು ನಕ್ಕಿದ್ದಾರೆ, ಆಮೇಲೆ ಮುಖ ಊದಿಸಿಕೊಂಡಿದ್ದಾರೆ. ನನಗೆ ನೆನಪಿರುವುದು ತಿರುವುಮುರುವು. ಯಾವುದು ಸರಿ ಎಂದು ಅವರನ್ನೇ ಕೇಳಿದರೆ, "ಎರಡೂ ಕೂಡೇ ಆದೂವು ಬಿಡವಾ" ಎನ್ನುತ್ತಾರೆ. ಹಾಗಾಗಿ ಗಡಿಯಾರವನ್ನು ಪಕ್ಕಕ್ಕಿಟ್ಟು, ಕಾಲುಗಳಿಗೆ ನೆನಪಿರುವ ಕ್ರಮದಲ್ಲಿ ಬರೆಯುತ್ತಿದ್ದೇನೆ. ಒಂದೇ ಗುಡ್ಡವನ್ನು ಒಂದೇ ದಿನ ಮತ್ತೆ ಮತ್ತೆ ಹತ್ತಿದ್ದು ಕಾಲುಗಳಿಗೆ ಚೆನ್ನಾಗಿ ನೆನಪಿದೆ.

ಮಾಮಾ ಎಂದರೆ ನನ್ನ ಅವ್ವನ ತಮ್ಮ ಸಿದ್ರಾಮಪ್ಪ, ಬಬಲೇಶ್ವರದವರು. ಅವರ ಲೆಕ್ಕದಲ್ಲಿ ಅವರಿಗೆ ಅರವತ್ತೆಂಟು, ಅತ್ತೆಯ ಲೆಕ್ಕದಲ್ಲಿ ಎಪ್ಪತ್ತೆರಡು. ನಲವತ್ತು ವರ್ಷ ದನದ ದಲಾಲಿ ಮಾಡಿದವರು. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕೂಡಿಸುವುದು ಅವರ ಕಸುಬು. ಟಿಕೋಟಾದಿಂದ ಪಂಢರಪುರದವರೆಗೆ ಅವರು ನಿಲ್ಲದ ದನದ ಪೇಟೆ ಇಲ್ಲ.

ಅವರ ಬಳಿ ಪಾಸ್‌ಪೋರ್ಟ್ ಇದ್ದದ್ದೇ ಒಂದು ಆಕಸ್ಮಿಕ. ಯಾವಾಗಲೋ ನೇಪಾಳದ ಪಶುಪತಿನಾಥಕ್ಕೆ ಹೋಗಬೇಕೆಂದು ಓಡಾಡಿ ಮಾಡಿಸಿಕೊಂಡರು. ಕೈಗೆ ಬಂದ ಮೇಲೆ ಯಾರೋ, ನೇಪಾಳಕ್ಕೆ ಅದು ಬೇಕಾಗುವುದೇ ಇಲ್ಲ ಎಂದರು. ಅಂದಿನಿಂದ ಅದು ಟ್ರಂಕಿನಲ್ಲಿ ಅತ್ತೆಯ ಸೀರೆಗಳ ಕೆಳಗೆ ಮಲಗಿತ್ತು. ಹೋದಾಗಲೆಲ್ಲ ತೆಗೆದು ತೋರಿಸಿ, "ಇಷ್ಟ ದೊಡ್ಡ ಪುಸ್ತಕ, ಒಂದ ಶಿಕ್ಕಾನೂ ಬಿದ್ದಿಲ್ಲ ನೋಡವಾ" ಎಂದು ನೊಂದುಕೊಳ್ಳುತ್ತಿದ್ದರು. ನಾನು ವಿಜಯಪುರದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಅಕ್ಟೋಬರಿನಲ್ಲಿ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಮೂರು ದಿನದ ಸಭೆಗೆ ನನಗೆ ಕರೆ ಬಂದಾಗ, ಮಾಮಾ ಯಾರನ್ನೂ ಕೇಳದೆ ಟ್ರಂಕು ತೆರೆದರು.

ಹೊರಡುವ ದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಗೌರವ್ವ ಅತ್ತೆ ನನ್ನೆದುರಿಗೇ ಅವರನ್ನು ಹಿಡಿದುಕೊಂಡರು.

"ಹೋಗ್ರಿ, ಹೋಗ್ರಿ. ಅಲ್ಲಿ ಬಾಯಿ ಇದ್ದೂ ಮೂಕ ಆಗತೀರಿ. ಈ ಹುಡುಗಿ ಬೆನ್ನ ಹತ್ತಿ ಅಡ್ಡಾಡೂದ ಒಂದ ಕೆಲಸ ನಿಮ್ದು."

"ನಾನ? ಏ, ನನ್ನ ಯಾವ ಊರಾಗ ನಿಂದ್ರಸಿದ್ರೂ ವ್ಯಾಪಾರ ಮಾಡಾಂವ ನಾ."

"ಹಂಗಾರ ಒಂದ ಮಾಡ್ಕೊಂಡ ಬರ್ರಿ ನೋಡೋಣು. ಒಂದ. ಈಕಿ ನಡುವ ಬಾಯಿ ಹಾಕಬಾರದು."

"ಮಾಡಿದ್ರ?"

"ಮಾಡಿದ್ರ ನೀವ ದೊಡ್ಡವ್ರು. ಆಗಲಿಲ್ಲಂದ್ರ, ನಾ ಪ್ಯಾಟ್ಯಾಗಿಂದ ಏನ ತಂದ್ರೂ 'ಎಷ್ಟಕ್ಕ ತಂದಿ, ಹೆಚ್ಚ ಕೊಟ್ಟಿ' ಅಂತ ಇನ್ಮ್ಯಾಲ ಬಾಯಿ ತೆಗೀಬಾರದು. ಸಾಯೂತನಾ."

ಇದು ಸಣ್ಣ ಪಂಥವಲ್ಲ. ಅತ್ತೆ ಬಬಲೇಶ್ವರದ ಸಂತೆಯಿಂದ ಬದನೆಕಾಯಿ ತರಲಿ, ಟಿಕೋಟಾದಿಂದ ಬಳೆ ತರಲಿ, ವಿಜಯಪುರದ ಗಾಂಧಿ ಚೌಕದಿಂದ ಸೀರೆ ತರಲಿ, ಮಾಮಾ ಅದನ್ನು ಅಂಗೈಯಲ್ಲಿ ತೂಗಿ ನೋಡಿ "ಹೆಚ್ಚ ಕೊಟ್ಟಿ" ಎನ್ನುತ್ತಾರೆ. ಆ ಮಾತು ಕಿತ್ತುಕೊಂಡರೆ ಮನೆಯಲ್ಲಿ ಅವರಿಗೆ ಆಡಲು ಹೆಚ್ಚೇನೂ ಉಳಿಯುವುದಿಲ್ಲ. ಅತ್ತೆ ನನ್ನಿಂದಲೂ ಮಾತು ತೆಗೆದುಕೊಂಡರು: ವ್ಯಾಪಾರದ ಹೊತ್ತಿನಲ್ಲಿ ನಾನು ಗಪ್ಪನೆ ಇರಬೇಕು.

ಪೋರ್ಟೊ

ನನ್ನ ಸಭೆ ನಡೆದ ಮೂರು ದಿನವೂ ಮಾಮಾ ಒಬ್ಬರೇ ಬೀದಿ ಸುತ್ತಿದರು. ಸಂಜೆ ಬಂದು ನನ್ನ ಮುಂದೆ ದೂರು ಹೇಳುತ್ತಿದ್ದರು. ಹಣ್ಣಿನಂಗಡಿಯಲ್ಲಿ ಪ್ರತಿ ಬುಟ್ಟಿಗೂ ಬೆಲೆಯ ಚೀಟಿ ಚುಚ್ಚಿದ್ದಾರೆ. ಸೇಬನ್ನು ಮೂಸಿ, ಮುಖ ಹುಳ್ಳಗೆ ಮಾಡಿ ವಾಪಸು ಇಟ್ಟರೂ ಅಂಗಡಿಯಾಕೆ ತಲೆ ಎತ್ತಲಿಲ್ಲ.

ಮೂರನೆಯ ದಿನ ಒಂದು ಟೋಪಿ ಅಂಗಡಿಯಲ್ಲಿ ಅವರು ಹಳೆಯ ಪಟ್ಟು ಹಾಕಿದರು. ಟೋಪಿ ಎತ್ತಿ ನೋಡಿ, ತಲೆ ಅಲ್ಲಾಡಿಸಿ, "ಒಲ್ಲೆ" ಎಂಬಂತೆ ಕೈ ಬೀಸಿ ಹೊರಟುಬಿಟ್ಟರು. ನಮ್ಮಲ್ಲಾದರೆ ಹತ್ತು ಹೆಜ್ಜೆ ಹೋಗುವುದರೊಳಗೆ "ಏ ಕಾಕಾ, ಬರ್ರಿಲ್ಲಿ" ಎಂದು ಕೂಗು ಬರುತ್ತದೆ. ಅವರು ಬೀದಿಯ ತುದಿಯವರೆಗೆ ಹೋದರು. ನದಿಯ ದಂಡೆಯಲ್ಲಿ ನಿಂತರು. ದೋಣಿಗಳನ್ನು ನೋಡುತ್ತಿರುವಂತೆ ನಟಿಸಿದರು.

"ಯಾರೂ ಕರೀಲಿಲ್ಲವಾ" ಎಂದರು ರಾತ್ರಿ ಊಟಕ್ಕೆ ಕೂತಾಗ. "ತಿರುಗಿ ನೋಡಿದ್ನಿ. ಅಂಗಡಿಯಾಂವ ಬಾಗಲಾ ಹಾಕ್ಕೊಂಡ ಮನಿಗಿ ಹೋಗ್ಯಾನ."

ನಾಡಿದ್ದು ವಿಮಾನ. ಉಳಿದದ್ದು ಒಂದು ದಿನ. ಹೋಟೆಲಿನ ಕೌಂಟರಿನಲ್ಲಿದ್ದ ಹೆಣ್ಣುಮಗಳು, ಉತ್ತರಕ್ಕೆ ಸ್ಪೇನಿನ ಗಡಿಯಲ್ಲಿ ವಲೆನ್ಸಾ ಎಂಬ ಊರಿದೆ, ಗುಡ್ಡದ ಮೇಲೆ ಕೋಟೆ, ಕೋಟೆಯ ತುಂಬ ಬಟ್ಟೆಯಂಗಡಿ ಎಂದಳು. ಕೋಟೆ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅಂಗಡಿ ಎಂದದ್ದನ್ನು ನಾನು ಕನ್ನಡದಲ್ಲಿ ಹೇಳಿದಾಗ ಮಾಮಾನದು.

ಗುಡ್ಡದ ಮೇಲೆ

ರೈಲು ಸಮುದ್ರದ ಪಕ್ಕ ಸ್ವಲ್ಪ ಓಡಿ, ಹಸಿರೊಳಗೆ ನುಗ್ಗಿ, ಒಂದು ಅಗಲ ನದಿಯ ದಂಡೆಗೆ ಬಂದು ನಿಂತಿತು. ಕೋಟೆ ಎಲ್ಲೂ ಕಾಣಲಿಲ್ಲ. ಕೆಳಗಿನಿಂದ ನೋಡಿದರೆ ಹುಲ್ಲು ಬೆಳೆದ ದಿಬ್ಬ ಅಷ್ಟೆ. ಹತ್ತುತ್ತ ಹತ್ತುತ್ತ ಆ ದಿಬ್ಬಕ್ಕೆ ಮೂಲೆಗಳು ಮೂಡಿದವು, ಮೂಲೆಗಳಿಂದ ಕಲ್ಲಿನ ಗೋಡೆ ಹೊರಟಿತು, ಗೋಡೆಯ ಮುಂದೆ ಕಂದಕ ಬಂತು. ನಮ್ಮ ವಿಜಯಪುರದ ಕೋಟೆ ಬಯಲಿನಲ್ಲಿದೆ. ಅದರ ಗೋಡೆಗೆ ಮನೆಗಳು ಒರಗಿಕೊಂಡಿವೆ. ಕೋಟೆಯೊಳಗೆ ಬಂದೆವೋ ಹೊರಗಿದ್ದೇವೋ ಎಂದು ಯೋಚಿಸದೆಯೇ ನಾವು ಆಟೊದಲ್ಲಿ ದಿನಕ್ಕೆ ನಾಲ್ಕು ಸಲ ದಾಟುತ್ತೇವೆ. ಇಲ್ಲಿ ಏದುಸಿರು ಬಿಟ್ಟೇ ಒಳಗೆ ಹೋಗಬೇಕು. ಬಾಗಿಲು ಸುರಂಗದಷ್ಟು ಇಕ್ಕಟ್ಟು. ಒಂದೇ ಕಾರು ಹಿಡಿಯುತ್ತದೆಂದು ಕೋಟೆಯ ಬಾಗಿಲಿಗೆ ಕೆಂಪು ಹಸಿರು ದೀಪ ಹಾಕಿದ್ದರು. ಮಾಮಾ ಕೆಂಪು ದೀಪಕ್ಕೆ ನಿಂತೇ ನಿಂತರು. "ಮಾಮಾ, ಅದು ಗಾಡಿಗೋಳಿಗೆ" ಎಂದರೂ ಕೇಳದೆ, ಹಸಿರು ಬಂದ ಮೇಲೆಯೇ ನಡೆದರು.

ಒಳಗೆ ಕಾಲಿಟ್ಟರೆ ಗಾಂಧಿ ಚೌಕ. ನಿಜವಾಗಿ ಗಾಂಧಿ ಚೌಕವಲ್ಲ. ಆದರೆ ದೀಪಾವಳಿಯ ಹಿಂದಿನ ವಾರ ಅಲ್ಲಿ ಹೇಗಿರುತ್ತದೋ ಹಾಗೆ. ಓಣಿಯ ಎರಡೂ ಬದಿ ಟವೆಲ್ಲು, ಚಾದರ, ಮೇಜಿನ ಹೊದಿಕೆ, ದಿಂಬಿನ ಚೀಲ. ಬಾಗಿಲಲ್ಲಿ ನೇತು ಹಾಕಿದ್ದು, ಕಿಟಕಿಯಿಂದ ಇಳಿಬಿಟ್ಟದ್ದು, ಕುರ್ಚಿಯ ಮೇಲೆ ಒಟ್ಟಿದ್ದು. ಕೊಳ್ಳುವವರೆಲ್ಲ ನದಿಯಾಚೆಯ ಸ್ಪೇನಿನವರು. ಎರಡೂ ಕೈಯಲ್ಲಿ ಗಂಟು ಹೊತ್ತು ಗಲಗಲ ಮಾತಾಡುತ್ತ ಹೋಗುತ್ತಿದ್ದರು.

ಬುರುಜಿನ ಅಂಚಿನಲ್ಲಿ ತೋಪುಗಳು ಸ್ಪೇನಿನ ಕಡೆ ಬಾಯಿ ಮಾಡಿ ನಿಂತಿದ್ದವು. ಮಾಮಾ ಒಂದರ ಬಾಯಿಗೆ ಕೈ ಹಾಕಿ ನೋಡಿದರು. "ನಮ್ಮ ಮುಲ್ಕಮೈದಾನ ತೋಪಿನ್ಯಾಗ ಮನಷ್ಯಾ ಕುಂದ್ರತಾನ. ಇದರಾಗ ಕುಂಬಳಕಾಯಿ ಹೋಗೂದೂ ಡೌಟ." ಆಮೇಲೆ ಕೆಳಗೆ ದಂಡೆ ಮುಟ್ಟಿ ಹರಿಯುವ ನದಿಯನ್ನು ಬಹಳ ಹೊತ್ತು ನೋಡಿದರು. "ಇದರಾಗಿನ ಒಂದ ದಿನದ ನೀರು ಸಾಕಿತ್ತು ನಮ್ಮ ಭೂತನಾಳ ಕೆರಿಗಿ." ಮತ್ತೆ ಓಣಿಯ ಕಡೆ ತಿರುಗಿದರು. "ಅಲ್ಲವಾ, ಸ್ಪೇನದವ್ರು ಒಳಗ ಬರಬಾರದಂತ ಕೋಟಿ ಕಟ್ಟ್ಯಾರ. ಈಗ ಅವ್ರು ಬರಲಿಲ್ಲಂದ್ರ ಇವ್ರ ಒಲಿ ಹೊತ್ತಂಗಿಲ್ಲ!"

ನಗುತ್ತಲೇ ಮೊದಲ ಅಂಗಡಿಗೆ ಹೋದರು. ಚಾದರ ಮುಟ್ಟಿದ್ದೇ ತಡ, ಅಂಗಡಿಯಾಕೆ ಕ್ಯಾಲ್ಕುಲೇಟರ್ ಒತ್ತಿ ಮುಖದ ಮುಂದೆ ಹಿಡಿದಳು. ಮಾಮಾ ಹುಬ್ಬು ಏರಿಸಿದರು. ಅವಳು ಅಂಕಿ ಅಳಿಸಿ ಇನ್ನೊಂದು ಒತ್ತಿದಳು, ಕಡಿಮೆಯದು. ಮಾಮಾ ಚಾದರ ಬಿಟ್ಟು ಹೊರಗೆ ಬಂದರು.

"ಇಳಿಸಿದಳಲ್ಲ ಮಾಮಾ? ತಗೋಬೇಕಿತ್ತು."

"ನಾ ಏನರ ಅಂದ್ನ್ಯಾ? ಕೇಳೂಕಿಂತ ಮೊದಲ ಇಳಿಸಿದ್ರ ಅದು ವ್ಯಾಪಾರ ಅಲ್ಲವಾ, ದಾನ. ನನ್ನ ಮಾರಿ ನೋಡಿ ಪಾಪ ಅನಿಸಿರಬೇಕು ಆಕಿಗೆ. ಇದನ್ನ ಒಯ್ದು ನಿಮ್ಮ ಅತ್ತಿ ಮುಂದ ಹ್ಯಾಂಗ ಇಡಲಿ?"

ಆರು ಅಂಗಡಿಯಲ್ಲಿ ಹೀಗೇ ಆಯಿತು. ಏಳು ಇರಬಹುದು. ಎಲ್ಲ ಕಡೆಯೂ ಕ್ಯಾಲ್ಕುಲೇಟರ್. "ಇದರ ಕೂಡ ಏನ ಮಾತಾಡಲಿ ನಾ?" ಎಂದು ಮಾಮಾ ಸೋತರು. ನಾನು ಅವರ ಮನಸ್ಸು ಬೇರೆ ಕಡೆ ತಿರುಗಿಸಲು ಸೇತುವೆ ತೋರಿಸಿದೆ.

ಸೇತುವೆ

ಕಬ್ಬಿಣದ ಹಳೆಯ ಸೇತುವೆ. ಮೇಲೆ ರೈಲು, ಕೆಳಗೆ ಕಾರು, ಬದಿಯಲ್ಲಿ ನಡೆಯುವವರು. ಆಚೆ ತುದಿ ಸ್ಪೇನ್. ಅಲ್ಲಿಯೂ ಒಂದು ಗುಡ್ಡ, ಗುಡ್ಡದ ಮೇಲೆ ಕೋಟೆಯಂತೆ ಕಾಣುವ ಇಗರ್ಜಿ.

ಮಾಮಾಗೆ ಗಡಿ ಎಂದರೆ ಗೊತ್ತು. ಸೊಲ್ಲಾಪುರದ ದಾರಿಯಲ್ಲಿ ಭೀಮಾ ನದಿ ದಾಟುವಾಗ ಎತ್ತು ತುಂಬಿದ ಗಾಡಿಯಲ್ಲಿ ಕೂತು ಎಷ್ಟು ಸಲ ಚೆಕ್‌ಪೋಸ್ಟಿನಲ್ಲಿ ಕಾದಿದ್ದಾರೆ. ಒಂದೇ ದೇಶದ ಎರಡು ರಾಜ್ಯಕ್ಕೇ ಅಷ್ಟೊಂದು ಇದ್ದರೆ ಎರಡು ದೇಶಕ್ಕೆ ಎಷ್ಟಿರಬೇಡ? ಸೇತುವೆಗೆ ಬರುವ ಮೊದಲೇ ಅವರು ಬನಿಯನ್ನಿನ ಒಳಗಿನ ಚೀಲದಿಂದ ಪಾಸ್‌ಪೋರ್ಟ್ ತೆಗೆದು, ಶಿಕ್ಕಾ ಒತ್ತುವವನಿಗೆ ಅನುಕೂಲವಾಗಲಿ ಎಂದು ಖಾಲಿ ಪುಟ ಬಿಡಿಸಿ ಹಿಡಿದುಕೊಂಡರು. ಹಾಗೆ ಹಿಡಿದೇ ಸೇತುವೆಯ ಉದ್ದಕ್ಕೂ ನಡೆದರು.

ಆಚೆ ಯಾರೂ ಇರಲಿಲ್ಲ. ನೀಲಿ ಬೋರ್ಡಿನಲ್ಲಿ ದೇಶದ ಹೆಸರು. ಅದರ ಕೆಳಗೆ ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ನಿಂತಿದ್ದಳು. ಮಾಮಾ ಅತ್ತ ಇತ್ತ ನೋಡಿ, ಇನ್ನು ಯಾರಿಗಾದರೂ ತೋರಿಸಲೇಬೇಕೆಂದು ಪಾಸ್‌ಪೋರ್ಟನ್ನು ಅವಳ ಮುಂದೆ ಚಾಚಿದರು. ಅವಳು ಕನ್ನಡಕ ಸರಿಮಾಡಿಕೊಂಡು ಫೋಟೊ ನೋಡಿದಳು, ಮಾಮಾನ ಮುಖ ನೋಡಿದಳು, ಚೆನ್ನಾಗಿದೆ ಎಂಬಂತೆ ಹೆಬ್ಬೆರಳು ಎತ್ತಿದಳು. ನಾಯಿಯೂ ಮೂಸಿತು.

"ಆತು ತಗೋ" ಎಂದರು ಮಾಮಾ. "ಒಬ್ಬರರ ನೋಡಿದ್ರು."

ಅಲ್ಲಿ ರೊಟ್ಟಿಯಂಥದ್ದೇನನ್ನೋ ತಿಂದೆವು. ಆಲೂಗಡ್ಡೆ ತಿಂದೆವೆಂದು ಮಾಮಾ ಹೇಳುತ್ತಾರೆ. ನನ್ನ ಫೋಟೊದಲ್ಲಿ ಬರೀ ಖಾಲಿ ತಟ್ಟೆ ಇದೆ. ಒಂದು ತಾಸು ಕಳೆದು ಅದೇ ಸೇತುವೆಯಿಂದ ಹಿಂದಿರುಗಿದೆವು.

ಓಟ

ಕೊನೆಯ ಪ್ರಯತ್ನವೆಂದು ಮತ್ತೆ ಕೋಟೆ ಹತ್ತಿದೆವು. ಈ ಸಲ ಮುಖ್ಯ ಓಣಿ ಬಿಟ್ಟು ಒಂದು ಸಂದಿಗೆ ನುಗ್ಗಿದೆವು. ಅಲ್ಲಿ ಒಂದು ಸಣ್ಣ ಅಂಗಡಿ. ಹೊರಗೆ ಸ್ಟೂಲಿನ ಮೇಲೆ ಮುದುಕನೊಬ್ಬ ಬಿಸಿಲು ಕಾಯುತ್ತ ಕೂತಿದ್ದ. ತಲೆಯ ಮೇಲೆ ಚಪ್ಪಟೆ ಟೋಪಿ, ಹೆಗಲ ಮೇಲೆ ಚೌಕಳಿ ಟವೆಲ್. ನನ್ನ ನೆನಪಿನಲ್ಲಿ ಅಂಗಡಿಯ ಬಾಗಿಲು ನೀಲಿ. ಫೋಟೊದಲ್ಲಿ ಹಸಿರು. ನಾನು ಇಂದಿಗೂ ನೀಲಿ ಎಂದೇ ಹೇಳುತ್ತೇನೆ.

ಮಾಮಾ ನಿಂತದ್ದು ಬಾಗಿಲು ನೋಡಿ ಅಲ್ಲ. ಒಳಗಿನ ಗೋಡೆಯ ಮೇಲೆ ಒಂದು ಹಳೆಯ ಫೋಟೊ ತೂಗುಹಾಕಿತ್ತು: ಒಬ್ಬ ಯುವಕ, ಅವನ ಎರಡೂ ಬದಿ ಎರಡು ಎತ್ತು. ಕೊಂಬುಗಳು ನಮ್ಮ ಖಿಲ್ಲಾರಿ ತಳಿಯ ಎತ್ತುಗಳಂತೆ ಹಿಂದಕ್ಕೆ ಬಾಗದೆ, ಅಗಲಕ್ಕೆ ಚಾಚಿ ಫೋಟೊದ ಚೌಕಟ್ಟು ಮುಟ್ಟಿದ್ದವು.

"ಯಪ್ಪಾ!" ಎಂದರು ಮಾಮಾ. ಮುದುಕ ತಲೆ ಎತ್ತಿದ.

ಸರಿಯಾಗಿ ಆಗಲೇ ನಾನು ಫೋನು ನೋಡಿದೆ. ರೈಲಿಗೆ ಇಪ್ಪತ್ತು ನಿಮಿಷ. "ಮಾಮಾ, ರೈಲು!" ಎಂದು ಕೈ ಹಿಡಿದು ಎಳೆದೆ. ಅವರು ತಿರುಗಿ ತಿರುಗಿ ನೋಡುತ್ತಲೇ ನನ್ನೊಂದಿಗೆ ಓಡಿದರು. ಸಂದಿ, ಓಣಿ, ಸುರಂಗ, ಕೆಂಪು ದೀಪ. ಈ ಸಲ ಅದಕ್ಕೂ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಅವರ ಧೋತರದ ಚುಂಗು ಗಾಳಿಗೆ ಪಟಪಟ ಬಡಿಯುತ್ತಿತ್ತು.

ಸ್ಟೇಶನ್

ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ. ಮಾಮಾ ಬೆಂಚಿನ ಮೇಲೆ ಕೂತು ನನ್ನ ಕಡೆ ನೋಡಲಿಲ್ಲ. ಮುಖ ಊದಿಸಿಕೊಂಡ ಫೋಟೊ ಇಲ್ಲಿಯದು. ಯಾಕೆ ತೆಗೆದೆನೋ, ಈಗ ನಾಚಿಕೆಯಾಗುತ್ತದೆ.

"ಆ ಮುದುಕ ಎತ್ತಿನ ಮನಷ್ಯಾ" ಎಂದರು. "ಅವನ ಕೂಡ ಆಗತಿತ್ತು."

"ಏನ ಮಾಡೂದ್ರಿ ಮಾಮಾ, ರೈಲು."

"ಹೌದವಾ. ಇನ್ನ ನಿಮ್ಮ ಅತ್ತಿ ಏನ ತಂದ್ರೂ ಬರೋಬ್ಬರಿ ಅನ್ನೂದು. ರೂಢಿ ಮಾಡ್ಕೋತೇನಿ." ಆಮೇಲೆ ಮೆಲ್ಲಗೆ, ಬೆಲೆ ಸರಿಯಾಗಿದೆ ಎನ್ನುವುದನ್ನು ರೂಢಿ ಮಾಡಿಕೊಳ್ಳುವವರಂತೆ ಅಂದು ನೋಡಿದರು: "ಬರೋಬ್ಬರಿ ತಂದಿ. ಬರೋಬ್ಬರಿ ತಂದಿ."

ಆಗ ನನ್ನ ಕಣ್ಣು ಸ್ಟೇಶನ್ನಿನ ಗಡಿಯಾರಕ್ಕೆ ಬಿತ್ತು. ಅದು ನನ್ನ ಫೋನಿಗಿಂತ ಒಂದು ತಾಸು ಹಿಂದಿತ್ತು. ಕೆಟ್ಟಿದೆ ಎಂದುಕೊಂಡೆ. ಟಿಕೆಟಿನ ಕಿಂಡಿಯವನನ್ನು ಕೇಳಿದರೆ ಅವನು ನಕ್ಕ. ದಿನಾ ಯಾರಾದರೂ ಕೇಳುತ್ತಾರಂತೆ. ಸ್ಪೇನಿನ ಗಡಿಯಾರ ಪೋರ್ಚುಗಲ್ಲಿಗಿಂತ ಒಂದು ತಾಸು ಮುಂದೆ. ಸೇತುವೆ ದಾಟಿ ಬಂದರೂ ನನ್ನ ಫೋನು ಆಚೆ ದಂಡೆಯ ಟವರನ್ನೇ ಹಿಡಿದುಕೊಂಡು ಸ್ಪೇನಿನಲ್ಲೇ ಉಳಿದಿತ್ತು. ಫೋಟೊಗಳ ಕ್ರಮ ತಲೆಕೆಳಗಾದದ್ದೂ ಇಲ್ಲಿಂದಲೇ.

"ಮಾಮಾ, ಇನ್ನೂ ಒಂದ ತಾಸ ಐತ್ರಿ."

ನಾನು ಕಾರಣ ಹೇಳಿ ಮುಗಿಸುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು. ಮಾಮಾ ರಸ್ತೆ ದಾಟಿ, ಧೋತರ ಎತ್ತಿ ಕಟ್ಟಿ, ಗುಡ್ಡದ ದಾರಿ ಹಿಡಿದಿದ್ದರು.

ಚೌಕಳಿ ಟವೆಲ್

ಮುದುಕ ಅಲ್ಲೇ ಇದ್ದ. ಬಿಸಿಲು ಸರಿದಂತೆ ಸ್ಟೂಲನ್ನೂ ಎರಡು ಮೊಳ ಸರಿಸಿಕೊಂಡಿದ್ದ. ಅವನ ಹೆಸರು ಅಮಾದೆವು, ಒಳಗೆ ಗಲ್ಲಾಪೆಟ್ಟಿಗೆಯ ಹತ್ತಿರ ಇದ್ದ ಮಗಳು ತೆರೆಜಾ. ಇದು ಆಮೇಲೆ ಗೊತ್ತಾದದ್ದು, ಈಗಲೇ ಹೇಳಿಬಿಡುತ್ತೇನೆ.

ಮಾಮಾ ಮಾತಿಲ್ಲದೆ ಫೋಟೊದ ಎತ್ತನ್ನು ತೋರಿಸಿ, ತಮ್ಮ ಕೆಳತುಟಿ ಹಿಂದಕ್ಕೆ ಎಳೆದು ಹಲ್ಲು ತೋರಿಸಿದರು. ಎತ್ತಿನ ವಯಸ್ಸು ಹಲ್ಲಿನಲ್ಲಿ. ಎರಡು ಬೆರಳು ಎತ್ತಿದರು: ಎರಡು ಹಲ್ಲೇ? ಮುದುಕನ ಮುಖ ಇಡೀ ನಗುವಿನ ಸುಕ್ಕಿನಿಂದ ತುಂಬಿತು. ತನ್ನ ಬಾಯನ್ನೂ ತೆರೆದು, ನಾಲ್ಕು ಬೆರಳು ಎತ್ತಿದ. ನಾಲ್ಕು ಹಲ್ಲು! ಮಾಮಾ ತೊಡೆ ತಟ್ಟಿದರು. ಆಮೇಲೆ ಇಬ್ಬರೂ ಗೊರಸು ನೋಡಿದರು, ಹೆಗಲ ಮೇಲಿನ ಹಿಣಿಲು ಸವರಿದರು, ಬಾಲ ಹಿಡಿದರು. ಅಂಗಡಿಯ ನಡುವೆ ಕಾಣದ ಒಂದು ಎತ್ತು ನಿಂತಿತ್ತು, ಇಬ್ಬರು ಮುದುಕರು ಅದರ ಸುತ್ತ ಸುತ್ತುತ್ತಿದ್ದರು. ತೆರೆಜಾ ಅರ್ಧ ಮಡಚಿದ ಟವೆಲ್ ಹಿಡಿದು ನೋಡುತ್ತಲೇ ಉಳಿದಳು.

ಹಾಗೆ ಸುತ್ತುತ್ತ ಮಾಮಾ ಒಂದು ಬಿಳಿ ಚಾದರದ ಮುಂದೆ ನಿಂತರು. ಉಬ್ಬು ಹೂವಿನ, ದಪ್ಪ ನೂಲಿನ ಚಾದರ. ಮುಟ್ಟಿದರು. ತೆರೆಜಾ ಕ್ಯಾಲ್ಕುಲೇಟರಿಗೆ ಕೈ ಹಾಕಿದಳು. ಮಾಮಾ ಬೇಡವೆಂದು ಅಂಗೈ ತೋರಿಸಿ, ಅಮಾದೆವುವಿನ ಹೆಗಲ ಮೇಲಿನ ಚೌಕಳಿ ಟವೆಲ್ ಎಳೆದುಕೊಂಡು, ಅವನ ಬಲಗೈ ಹಿಡಿದು, ಎರಡೂ ಕೈಯ ಮೇಲೆ ಅದನ್ನು ಮುಚ್ಚಿದರು.

ನಮ್ಮ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು ಟವೆಲ್ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಮುಷ್ಟಿ ಪೂರ್ತಿ ಹಿಡಿದರೆ ಐದು. ಹಿಡಿದು, ಬಿಟ್ಟು, ಒತ್ತಿ, ಮತ್ತೆ ಹಿಡಿದು. ಮೇಲೆ ಮುಖಗಳು ಕಲ್ಲಿನಂತೆ ಇರಬೇಕು. ಇದನ್ನು ಯುರೋಪಿನ ಒಂದು ಬಟ್ಟೆಯಂಗಡಿಯಲ್ಲಿ ಮಾಡಬಾರದೆಂದು ಮಾಮಾಗೆ ಹೊಳೆಯಲೇ ಇಲ್ಲ. ಅಪರಿಚಿತನ ಕೈ ಹಿಡಿದು ಟವೆಲ್ ಮುಚ್ಚಿದರೆ ಪೊಲೀಸರನ್ನು ಕರೆಯಬಹುದೆಂದು ನನಗೆ ಹೊಳೆಯಿತು. ಆದರೆ ನಾನು ಬಾಯಿ ತೆರೆಯುವಂತಿಲ್ಲ.

"ಏನು ಮಾಡುತ್ತಿದ್ದಾರೆ ಇವರು?" ಎಂದು ತೆರೆಜಾ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳಿಗೆ ಇನ್ನೂ ಗಾಬರಿಯಾಯಿತು.

ಅಮಾದೆವು ಕೈ ಎಳೆದುಕೊಳ್ಳಲಿಲ್ಲ. ಟವೆಲ್ ಒಮ್ಮೆ ಅಲುಗಿತು. ಅವನು ಹುಬ್ಬು ಗಂಟಿಕ್ಕಿದ. ಮತ್ತೆ ಅಲುಗಿತು. ಗಂಟು ಬಿಚ್ಚಿತು. ಅರ್ಥವಾಗಿಬಿಟ್ಟಿತ್ತು! ಅವನು "ನೌ, ನೌ, ನೌ" ಎಂದು, ಇಲ್ಲವೆಂಬಂತೆ ತಲೆ ಕೊಡವಿ, ಟವೆಲ್ಲಿನೊಳಗೆ ತನ್ನದೇನನ್ನೋ ಒತ್ತಿ ಹೇಳಿದ. ಮಾಮಾ ಚಾದರವನ್ನು ಕರುಣೆಯಿಂದ ನೋಡಿ, ಕೈ ಬಿಡಿಸಿಕೊಂಡು ಬಾಗಿಲಿನವರೆಗೆ ಹೋದರು. ಒಂದು ಹೆಜ್ಜೆ, ಎರಡು, ಮೂರು.

"ಪ್ಸ್ಸ್ಟ್!" ಎಂದ ಅಮಾದೆವು.

ಕರೆದ! ಮಾಮಾ ಅವನಿಗೆ ಬೆನ್ನು ಮಾಡಿಕೊಂಡೇ ನನ್ನ ಕಡೆ ನೋಡಿ ಕಣ್ಣು ಹೊಡೆದರು. ಇಷ್ಟರಲ್ಲಿ ಗಂಟು ಹೊತ್ತ ಸ್ಪೇನಿನ ಹೆಂಗಸರು ನಾಲ್ಕೈದು ಜನ ಬಾಗಿಲಲ್ಲಿ ನಿಂತಿದ್ದರು. ಮಾಮಾ ಹಿಂದಿರುಗಿದರು. ಆಮೇಲೆ ಅಮಾದೆವು ಸಿಟ್ಟಾಗಿ ಒಳಕೋಣೆಗೆ ಹೋಗಿ ಬಂದ. ಅವನದೂ ಸುಳ್ಳು ಸಿಟ್ಟು. ಇದು ಮೂರು ಸಲ ನಡೆಯಿತು. ಮಾಮಾ ಏಳು ಸಲ ಎನ್ನುತ್ತಾರೆ.

ಕೊನೆಗೆ ಟವೆಲ್ ಅಲುಗುವುದು ನಿಂತಿತು. ಬೆಲೆ ಕೂಡಿದೆ ಎಂದು ಇಬ್ಬರ ಮುಖವೂ ಹೇಳುತ್ತಿತ್ತು, ಆದರೆ ಯಾರೂ ಕೈ ಬಿಡಲಿಲ್ಲ. ನನಗೆ ತಡವಾಗಿ ಹೊಳೆಯಿತು: ವ್ಯಾಪಾರ ಮುಗಿಯಬೇಕಾದರೆ ನಡುವೆ ನಿಂತ ದಲಾಲಿ ಎರಡೂ ಕೈ ಕೂಡಿಸಿ ಮೇಲೆ ಚಪ್ಪಾಳೆ ಹೊಡೆಯಬೇಕು. ನಲವತ್ತು ವರ್ಷ ಆ ಮೂರನೆಯ ಕೈ ಮಾಮಾನದು. ಅವರು ತಮಗೆಂದು ಏನನ್ನೂ ಕೊಂಡವರಲ್ಲ. ಈಗ ಕೊಳ್ಳುವವರ ಜಾಗದಲ್ಲಿ ನಿಂತು, ದಲಾಲಿ ಇಲ್ಲದೆ ಹೇಗೆ ಮುಗಿಸುವುದೆಂದು ಅವರಿಗೇ ತಿಳಿಯದು.

ನನ್ನ ಕೈ ಎದ್ದಿತು. ಅವರು ತಲೆ ಅಲ್ಲಾಡಿಸಿದರು: ಅತ್ತೆಗೆ ಕೊಟ್ಟ ಮಾತು. ಆಮೇಲೆ ತೆರೆಜಾಳ ಕಡೆ ಗದ್ದ ಎತ್ತಿ "ಬಾರವಾ ಇಲ್ಲಿ" ಎಂದರು. ಕನ್ನಡವೇ ಆದರೂ ಅವಳು ಬಂದಳು. ಹಾವಿದೆಯೋ ಏನೋ ಎಂಬಂತೆ ಟವೆಲ್ ಕೆಳಗೆ ಕೈ ಹಾಕಿದಳು. ಇಬ್ಬರೂ ಸೇರಿ ಅವಳ ಬೆರಳುಗಳಿಗೆ ಬೆಲೆ ಹೇಳಿದರು.

"ಪಾಯ್!" ಎಂದು ಚೀರಿದಳು ತೆರೆಜಾ. ಅಪ್ಪಾ ಎಂದು. ಇನ್ನೊಂದು ಕೈಯಿಂದ ಕ್ಯಾಲ್ಕುಲೇಟರ್ ಒತ್ತಿ ಅಪ್ಪನ ಮೂಗಿಗೆ ಹಿಡಿದಳು. ಅವನು ಅದನ್ನು ಪಕ್ಕಕ್ಕೆ ತಳ್ಳಿದ. ಮಾಮಾ ಮೂರೂ ಕೈಯನ್ನು ಒಟ್ಟು ಮಾಡಿ ಮೇಲಿನಿಂದ ಫಟ್ಟನೆ ಹೊಡೆದರು. ಬಾಗಿಲಲ್ಲಿದ್ದ ಹೆಂಗಸರು ಗಂಟುಗಳನ್ನು ನೆಲಕ್ಕಿಟ್ಟು ಚಪ್ಪಾಳೆ ತಟ್ಟಿದರು.

"ಎಷ್ಟಕ್ಕ ಆತ್ರಿ ಮಾಮಾ?"

"ಟಾವೆಲ್ ಕೆಳಗಿನ ಮಾತು ಮ್ಯಾಲ ಬರಂಗಿಲ್ಲವಾ."

ಬಬಲೇಶ್ವರ, ದೀಪ ಹಚ್ಚುವ ಹೊತ್ತು

ಅಲ್ಲಿ ನಿಂತೇ ಅತ್ತೆಗೆ ವಿಡಿಯೊ ಕರೆ ಮಾಡಿಸಿದರು. ತೆರೆ ತುಂಬ ಅತ್ತೆಯ ಹಣೆ ಮತ್ತು ಕುಂಕುಮ ಮಾತ್ರ ಬಂತು.

"ನೋಡ ಇಲ್ಲಿ, ಚಾದರ! ಮಾಡ್ಯಾನ ನಿನ್ನ ಗಂಡ ವ್ಯಾಪಾರ!"

"ಆ ಹುಡುಗಿ ಮಾತಾಡಿರಬೇಕ ಬಿಡ್ರಿ."

"ಇಲ್ಲ ಅತ್ತಿ, ನಿಮ್ಮಾಣಿ. ನಾ ತುಟಿ ಪಿಟ್ ಅಂದಿಲ್ಲ."

"ನೀ ಅವರ ಕಡೆಯಾಕಿ. ನಿನ್ನ ಸಾಕ್ಷಿ ಬ್ಯಾಡ ನನಗ. ಮಾರಿದಾಂವನ ತೋರಸ್ರಿ."

ನಾನು ಫೋನನ್ನು ಅಮಾದೆವು ಕಡೆ ತಿರುಗಿಸಿದೆ. ಅತ್ತೆ, "ಏನ್ರೀ ಯಜಮಾನ್ರ, ಇವ್ರ ನಿಮ್ಮ ಕೂಡ ಖರೇನ ವ್ಯಾಪಾರ ಮಾಡಿದ್ರೇನು?" ಎಂದು ಕನ್ನಡದಲ್ಲಿ ಕೇಳಿದರು. ಅವನು ಟೋಪಿ ತೆಗೆದು ಪೋರ್ಚುಗೀಸಿನಲ್ಲಿ ಏನೋ ದೀರ್ಘವಾಗಿ ಹೇಳಿದ. ಅತ್ತೆ ಹೂಂ, ಹೂಂ ಎಂದು ಕೇಳಿದರು. ಅದು ಸಾಲದು ಎನ್ನಿಸಿ ಮಾಮಾ ಅವನ ಕೈ ಎಳೆದುಕೊಂಡು, ಟವೆಲ್ ಮುಚ್ಚಿ, ಕ್ಯಾಮೆರಾದ ಮುಂದೆ ಕೊನೆಯ ಸುತ್ತನ್ನು ಮತ್ತೆ ನಡೆಸಿ ತೋರಿಸಿದರು. ಹೆಮ್ಮೆಯಿಂದ, ನಿಧಾನವಾಗಿ.

ಹಣೆ ಹಿಂದಕ್ಕೆ ಸರಿಯಿತು. ಮೊದಲ ಸಲ ಅತ್ತೆಯ ಪೂರ್ತಿ ಮುಖ ಕಂಡಿತು. ಅವರು ಟವೆಲ್ಲನ್ನೇ ನೋಡುತ್ತಿದ್ದರು.

"ತಡೀರಿ. ಇನ್ನೊಮ್ಮಿ."

ಇನ್ನೊಮ್ಮೆ ಮಾಡಿದರು.

"ಅಷ್ಟಕ್ಕ?" ಎಂದರು ಅತ್ತೆ. "ಅಯ್ಯ, ಅವಸರ ಮಾಡಿದ್ರಿ. ಆ ಯಜಮಾನ್ರ ಮುಂಗೈ ಸಡ್ಲ ಐತಿ, ಕಾಣವಲ್ತೇನು? ಇನ್ನೊಂದ ಬೆರಳ ಇಳೀತಿದ್ರು ಅವ್ರು. ಹೆಚ್ಚ ಕೊಟ್ರಿ."

ಮಾಮಾ ಟವೆಲ್ಲನ್ನು ನೋಡಿದರು, ಫೋನನ್ನು ನೋಡಿದರು.

"ನಿನಗ... ನಿನಗ ಹ್ಯಾಂಗ ಗೊತ್ತು?"

"ನಲವತ್ತ ವರ್ಷ ನಮ್ಮ ಕಟ್ಟಿ ಮ್ಯಾಲ ವ್ಯಾಪಾರಕ್ಕ ಕುಂತ ನಿಮ್ಮ ಮಂದಿಗೆ ಚಾ ತಂದ ಇಟ್ಟೀನಿ. ಕಣ್ಣ ಮುಚ್ಕೊಂಡ ತಂದೇನೇನ್ರಿ?"

ತೆರೆಜಾ ನನ್ನ ತೋಳು ಹಿಡಿದು, ಆಕೆ ಏನೆಂದರು ಎಂದು ಕೇಳಿದಳು. ವ್ಯಾಪಾರ ಮುಗಿದಿತ್ತು, ಇನ್ನು ನಾನು ಬಾಯಿ ತೆರೆಯಬಹುದಿತ್ತು. ಹೇಳಿದೆ. ಅವಳು ಅಪ್ಪನಿಗೆ ಹೇಳಿದಳು. ಅಮಾದೆವು ತಪ್ಪು ಸಿಕ್ಕಿಬಿದ್ದವನಂತೆ ಕುತ್ತಿಗೆ ಕೆರೆದುಕೊಂಡ. ಆಮೇಲೆ ಟವೆಲ್ ಮುಚ್ಚಿದ ತನ್ನ ಕೈಯನ್ನು ಫೋನಿನ ಹತ್ತಿರಕ್ಕೆ ತಂದು, ಅತ್ತೆ ನೋಡುತ್ತಿರುವಂತೆ, ಒಳಗೆ ಒಂದು ಬೆರಳು ಮಡಚಿದ. ಬಟ್ಟೆ ಅಲ್ಲಿ ಅಷ್ಟೇ ಅಷ್ಟು ತಗ್ಗಿತು.

"ಹಾಂ" ಎಂದರು ಅತ್ತೆ. "ಈಗ ಬರೋಬ್ಬರಿ ಆತು."

ಮಾಮಾ ಟವೆಲ್ ಮಡಚಿ ಅಮಾದೆವುವಿನ ಹೆಗಲ ಮೇಲೆ ವಾಪಸು ಹಾಕಿದರು. ಪಂಥ ಗೆದ್ದವರು ಯಾರೆಂದು ಅವರು ಲೆಕ್ಕ ಹಾಕುತ್ತಿದ್ದಾರೆಂದು ನಾನು ತಿಳಿದೆ. ಅವರು ಯೋಚಿಸುತ್ತಿದ್ದದ್ದು ಬೇರೆ.

"ಅಲ್ಲ ಗೌರಿ, ಇಷ್ಟ ಬಲ್ಲಿ ಅಂದ್ರ, ಇಷ್ಟ ವರ್ಷ ನನ್ನ ಕೂಡ ಪ್ಯಾಟಿಗೆ ಯಾಕ ಬರಲಿಲ್ಲ ನೀ?"

"ನೀವ ಯಾವತ್ತ ಕರದೀರಿ?"